ಕಾಲುಚೀಲದ ಮೇಲೆ ಚಪ್ಪಲಿ

ಡಿಸೆಂಬರ್ ತಿಂಗಳ ಮುಂಜಾನೆ ಕಾಡುಗೋಡಿಯ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳನ್ನಿಳಿದು ವೈಟ್‌ಫೀಲ್ಡಿನ ಕಚೇರಿಗಳ ಕಡೆಗೆ ನಡೆಯುವ ಜನಸಮೂಹವನ್ನಾಗಲಿ, ಬೊಮ್ಮಸಂದ್ರದ ಸಿದ್ಧ ಉಡುಪಿನ ಕಾರ್ಖಾನೆಗಳ ಮುಂದೆ ಬಸ್ಸಿನಿಂದಿಳಿಯುವ ಹೆಣ್ಣುಮಕ್ಕಳ ಸಾಲನ್ನಾಗಲಿ ಕಣ್ಣು ತಗ್ಗಿಸಿ ನೋಡಿದವರಿಗೆ, ಕಾಲುಚೀಲ ತೊಟ್ಟು ಅದರ ಮೇಲೆ ಚಪ್ಪಲಿ ಮೆಟ್ಟುವುದು ನಮ್ಮ ನಗರದ ಹೊರವಲಯದಲ್ಲಿ ಎಷ್ಟು ವ್ಯಾಪಕವಾದ ರೂಢಿಯಾಗಿದೆಯೆಂಬುದು ಒಡನೆಯೆ ತಿಳಿಯುತ್ತದೆ. ಸ್ಕೂಟರಿನ ಮೇಲೆ ಹೋಗುವ ತರುಣಿಯ ಪಾದದಲ್ಲಿ ಹೆಬ್ಬೆರಳಿಗೆ ಬೇರೆಯೇ ಕೋಶವುಳ್ಳ ಮೈಬಣ್ಣದ ಕಾಲುಚೀಲ. ಮೊಮ್ಮಗನನ್ನು ಶಾಲೆಯ ವಾಹನಕ್ಕೆ ಹತ್ತಿಸಲು ಅಪಾರ್ಟ್‌ಮೆಂಟಿನ ಗೇಟಿಗೆ ಬಂದ ಅಜ್ಜನ ಪಾದದಲ್ಲಿ ಉಣ್ಣೆಯ ಕಾಲುಚೀಲ, ಅದರ ಮೇಲೆ ಅಗಲ ಪಟ್ಟಿಯ ಸ್ಯಾಂಡಲ್. ರಾತ್ರಿ ಪಾಳಿ ಮುಗಿಸಿ ಟೀ ಅಂಗಡಿಯ ಮುಂದೆ ನಿಂತ ಸಾಫ್ಟ್‌ವೇರ್ ಹುಡುಗನಲ್ಲಿ ಬಿಳಿಯ ಕಾಲುಚೀಲ, ಕ್ರಾಕ್ಸ್. ಮೇಲುನೋಟಕ್ಕೆ ಮೂವರದೂ ಒಂದೇ ವೇಷವೆಂದು ತೋರಿದರೂ ಮೂವರ ಕಾರಣಗಳು ಬೇರೆ ಬೇರೆ. ಆ ಕಾರಣಗಳನ್ನು ವಿಚಾರಿಸದೆ ವೇಷವನ್ನು ಮಾತ್ರ ವಿಮರ್ಶಿಸಿದುದರಿಂದಲೇ ಈ ವಿಷಯದಲ್ಲಿ ಇಷ್ಟೊಂದು ವಾದ ಬೆಳೆದಿದೆಯೆಂದು ನಾನು ತಿಳಿದಿದ್ದೇನೆ.

ವಾದದ ಒಂದು ಪಕ್ಷವು ಹೇಳುವುದಿಷ್ಟು: ಚಪ್ಪಲಿಯ ಧರ್ಮ ಪಾದವನ್ನು ಗಾಳಿಗೆ ತೆರೆದಿಡುವುದು, ಕಾಲುಚೀಲದ ಧರ್ಮ ಅದನ್ನು ಮುಚ್ಚುವುದು, ಪರಸ್ಪರ ವಿರುದ್ಧವಾದ ಎರಡು ಧರ್ಮಗಳನ್ನು ಒಂದೇ ಅಂಗದಲ್ಲಿ ಕೂಡಿಸುವುದು ಅಭಿರುಚಿಯ ಅಭಾವವನ್ನು ತೋರಿಸುತ್ತದೆ. ಯುರೋಪಿನಲ್ಲಿ ಬಹುಕಾಲ ಇದು ಪ್ರವಾಸಕ್ಕೆ ಹೊರಟ ನಡುವಯಸ್ಸಿನ ಗಂಡಸಿನ ಲಕ್ಷಣವೆಂದು ಪರಿಹಾಸಕ್ಕೀಡಾಗಿತ್ತು. ಇನ್ನೊಂದು ಪಕ್ಷವು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬಲಗೊಂಡದ್ದು. ಅತ್ಯಂತ ದುಬಾರಿಯಾದ ಉಡುಪಿನ ಸಂಸ್ಥೆಗಳೇ ತಮ್ಮ ಪ್ರದರ್ಶನಗಳಲ್ಲಿ ಈ ಜೋಡಿಯನ್ನು ಮೆರೆಸಿದ ಮೇಲೆ, ನಿನ್ನೆಯ ನಗೆಪಾಟಲು ಇಂದಿನ ನಾಗರಿಕತೆಯಾಯಿತು. 1774ರವರೆಗೆ ತನ್ನ ವಂಶಾವಳಿಯನ್ನು ಹೇಳಿಕೊಳ್ಳುವ ಜರ್ಮನಿಯ ಬಿರ್ಕೆನ್‌ಸ್ಟಾಕ್ ಮನೆತನವು 1963ರಲ್ಲಿ ವ್ಯಾಯಾಮದ ಪಾದರಕ್ಷೆಯಾಗಿ ಹೊರತಂದ ಸರಳ ಸ್ಯಾಂಡಲಿನ ಸಂತತಿಯು ಈಗ ದಪ್ಪ ಕಾಲುಚೀಲದೊಡನೆ ಯುವಜನರ ಮೆಚ್ಚಿನ ತೊಡುಗೆಯಾಗಿದ್ದು, 2023ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಷೇರುಗಳು ನ್ಯೂಯಾರ್ಕಿನ ಪೇಟೆಯನ್ನು ಪ್ರವೇಶಿಸಿದವು. ಆದರೆ ಹಳಿಯುವವರೂ ಹೊಗಳುವವರೂ ಕೇಳಿದ ಪ್ರಶ್ನೆ ಒಂದೇ: ಅದು ಹೇಗೆ ಕಾಣುತ್ತದೆ? ಅದರಿಂದ ಏನು ಪ್ರಯೋಜನವೆಂದು ಇಬ್ಬರೂ ಕೇಳಲಿಲ್ಲ.

ಅನುಚಿತವೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವವನಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಪ್ರಾಣವೆಂದು ಪ್ರತಿಪಾದಿಸುವಾಗ, ಆಭರಣವು ತನಗೆ ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಶೋಭೆಯೆಂಬ ವಿಚಾರವನ್ನು ಆಧಾರವಾಗಿ ಹಿಡಿದನು. ಆ ವಿಚಾರವನ್ನು ಒಪ್ಪಿದವನಿಗೆ ಉಡುಪಿನ ವಿಷಯದಲ್ಲಿ ಏನು ಬೇಕಾದರೂ ನಡೆಯಬಹುದೆಂದು ಹೇಳುವ ಅಧಿಕಾರವಿಲ್ಲ. ಆದರೆ ಔಚಿತ್ಯವೆಂಬುದು ವಸ್ತುವಿನೊಳಗೆ ಹುದುಗಿರುವ ಗುಣವಲ್ಲ. ದೇಶ, ಕಾಲ, ವ್ಯಕ್ತಿ, ಪ್ರಯೋಜನ ಇವುಗಳೊಡನೆ ಆ ವಸ್ತುವಿಗಿರುವ ಸಂಬಂಧ. ಆದುದರಿಂದ ಕಾಲುಚೀಲ ಮತ್ತು ಚಪ್ಪಲಿ ಒಂದಕ್ಕೊಂದು ಸಲ್ಲುತ್ತವೆಯೆ ಎಂಬ ಪ್ರಶ್ನೆಗೆ, ಆ ಪಾದವು ಎಲ್ಲಿ ನಿಂತಿದೆ, ಏನು ಕೆಲಸ ಮಾಡುತ್ತಿದೆ, ಯಾವ ವ್ಯಾಧಿಯನ್ನು ಸಹಿಸುತ್ತಿದೆಯೆಂಬುದನ್ನು ತಿಳಿದ ಮೇಲಲ್ಲದೆ ಉತ್ತರ ಕೊಡಲಾಗದು.

ಇದು ಹೊಸ ವಿಕಾರವೆಂದು ಭಾವಿಸುವವರಿಗೆ ಇತಿಹಾಸವು ಸಮಾಧಾನ ಹೇಳಬಲ್ಲದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಪ್ರಾಚೀನ ಪಟ್ಟಣದ ಉತ್ಖನನದಲ್ಲಿ ದೊರೆತು, ಈಗ ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಕೆಂಪು ಉಣ್ಣೆಯ ಒಂದು ಜೊತೆ ಕಾಲುಚೀಲಗಳು ಕ್ರಿ.ಶ. 250ರಿಂದ 420ರ ನಡುವಣ ಕಾಲಕ್ಕೆ ಸೇರಿದವು. ಈಗಿನ ಹೆಣಿಗೆಯ ವಿಧಾನವಿನ್ನೂ ಬಳಕೆಗೆ ಬಾರದ ಆ ಕಾಲದಲ್ಲಿ, ಒಂದೇ ಸೂಜಿಯಿಂದ ನೂಲನ್ನು ಕುಣಿಕೆಗೆ ಕುಣಿಕೆ ಸೇರಿಸಿ ಮಾಡಿದ ಆ ಚೀಲಗಳಲ್ಲಿ ಹೆಬ್ಬೆರಳಿಗೊಂದು ಕೋಶ, ಉಳಿದ ನಾಲ್ಕು ಬೆರಳುಗಳಿಗೆ ಕೂಡಿಯೇ ಇನ್ನೊಂದು ಕೋಶ. ಏಕೆಂದರೆ ಅವನ್ನು ತೊಡುತ್ತಿದ್ದುದು ಬೆರಳ ಸಂದಿಯಲ್ಲಿ ವಾರು ಹಾಯುವ ಸ್ಯಾಂಡಲಿನೊಡನೆ. ರೋಮನ್ ಸಾಮ್ರಾಜ್ಯದ ಮತ್ತೊಂದು ತುದಿಯಲ್ಲಿ, ಬ್ರಿಟನ್ನಿನ ಉತ್ತರದ ಗಡಿಯ ವಿಂಡೊಲಾಂಡ ಸೈನ್ಯ ಠಾಣೆಯಲ್ಲಿ, 1973ರಿಂದೀಚೆಗೆ ನೆಲದಿಂದ ಹೊರಬಂದ ತೆಳುಹಲಗೆಯ ಓಲೆಗಳಲ್ಲೊಂದು, ಕ್ರಿ.ಶ. 100ರ ಆಸುಪಾಸಿನದು, ಸೈನಿಕನೊಬ್ಬನಿಗೆ ಕಾಲುಚೀಲಗಳನ್ನೂ ಎರಡು ಜೊತೆ ಸ್ಯಾಂಡಲುಗಳನ್ನೂ ಎರಡು ಒಳಚಡ್ಡಿಗಳನ್ನೂ ಕಳುಹಿಸಿದ ಸಂಗತಿಯನ್ನು ತಿಳಿಸುತ್ತದೆ. ಆ ಶೀತಪ್ರದೇಶಕ್ಕೆ ವಸ್ತ್ರಗಳನ್ನು ಕಟ್ಟಿ ಕಳುಹಿಸಿದ ಬಂಧುವಿಗೊ ಮಿತ್ರನಿಗೊ ಇವೆರಡೂ ಒಂದೇ ಗಂಟಿನಲ್ಲಿ ಬರತಕ್ಕವಲ್ಲವೆಂದು ತೋರಲಿಲ್ಲ. ಜಪಾನಿನಲ್ಲಂತೂ ಹೆಬ್ಬೆರಳನ್ನು ಬೇರ್ಪಡಿಸಿ ಹೊಲಿದ ತಬಿ ಎಂಬ ಬಿಳಿಯ ಕಾಲುಚೀಲವನ್ನು ಜೋರಿ ಎಂಬ ಚಪ್ಪಲಿಯೊಡನೆ ತೊಡುವುದು ಇಂದಿಗೂ ವಿವಾಹಾದಿ ಮಂಗಳಕಾರ್ಯಗಳ ಮರ್ಯಾದೆಯಾಗಿ ಉಳಿದಿದೆ.

ನಮ್ಮ ಫುಟ್‌ಪಾತಿನ ಅಂಗಡಿಗಳಲ್ಲಿ ಹಗ್ಗಕ್ಕೆ ತೂಗುಹಾಕಿರುವ, ಮಾರುವವರೂ ಕೊಳ್ಳುವವರೂ ಥಂಬ್ ಸಾಕ್ಸ್ ಎಂದು ಕರೆಯುವ ಮೈಬಣ್ಣದ ಚೀಲವು ಆಕ್ಸಿರಿಂಕಸಿನ ಆ ಕೆಂಪು ಚೀಲದ ರೂಪವನ್ನೇ ತಳೆದಿರುವುದು ನನಗೆ ಅತ್ಯಂತ ಅರ್ಥವತ್ತಾದ ಸಂಗತಿಯಾಗಿ ತೋರುತ್ತದೆ. ಇಲ್ಲಿ ಅನುಕರಣೆಯಿಲ್ಲ. ಉಂಗುಷ್ಟದ ಚಪ್ಪಲಿಯನ್ನು ಬಿಡಲೊಲ್ಲದ, ಆದರೆ ಪಾದವನ್ನು ಕಾಪಾಡಿಕೊಳ್ಳಬೇಕಾದ ಜನ ಹದಿನಾರು ಶತಮಾನಗಳ ಅಂತರದಲ್ಲಿ ಎರಡು ನಾಡುಗಳಲ್ಲಿ ಒಂದೇ ಸಮಸ್ಯೆಗೆ ಒಂದೇ ಪರಿಹಾರವನ್ನು ಕಂಡುಕೊಂಡರು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಚಮ್ಮಾರ ಕುಶಲಿಗಳು ತಲೆಮಾರುಗಳಿಂದ ಮಾಡುತ್ತ ಬಂದಿರುವ, ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗೆ ಹೆಬ್ಬೆರಳನ್ನು ಹಿಡಿದಿಡುವ ಚರ್ಮದ ಬಳೆಯುಂಟು. ಸಾಮಾನ್ಯ ಕಾಲುಚೀಲ ತೊಟ್ಟವನ ಪಾದಕ್ಕೆ ಅದು ಸೇರುವುದೇ ಇಲ್ಲ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿದುವೆಂಬುದನ್ನೂ, 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಅದೇ ಮಾದರಿಯನ್ನು ಮೂಲದ ಹೆಸರು ಹೇಳದೆ ಮಿಲಾನಿನ ಪ್ರದರ್ಶನದಲ್ಲಿಟ್ಟು ಆಕ್ಷೇಪಕ್ಕೆ ಗುರಿಯಾಯಿತೆಂಬುದನ್ನೂ ಓದುಗರು ಬಲ್ಲರು. ಫ್ಯಾಷನ್ನಿನ ಮಾತಾಡುವವರು ನಮ್ಮ ಕುಶಲಿಗಳ ಮಾತನ್ನೂ ಕೂಡಿಸಿ ಆಡಬೇಕೆಂದು ಇಲ್ಲಿ ನೆನಪಿಸುವುದು ಅಪ್ರಸ್ತುತವಾಗಲಾರದು.

ಹಾವುಗೆ, ಕೆರ, ಚಮ್ಮಾವುಗೆಗಳ ಈ ನಾಡಿನಲ್ಲಿ ಹಿಂದಿನವರಿಗೆ ಕಾಲುಚೀಲದ ಅಗತ್ಯ ಬೀಳದಿದ್ದುದೇಕೆ, ಈಗ ಬೀಳುವುದೇಕೆ? ನಡೆಯುವ ಪಾದಕ್ಕೂ ವಾಹನದ ಮೇಲೆ ನಿಶ್ಚಲವಾಗಿ ಗಾಳಿಯನ್ನು ಎದುರಿಸುವ ಪಾದಕ್ಕೂ ಬಹಳ ಅಂತರವಿದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಗಳ ಮುಂಜಾವಿನ ಉಷ್ಣತೆ ಸಾಮಾನ್ಯವಾಗಿ 15, 16 ಡಿಗ್ರಿಗಳಿಗೆ ಇಳಿಯುತ್ತದೆ. 1884ರ ಜನವರಿ 13ರಂದು 7.8 ಡಿಗ್ರಿಗೆ ಇಳಿದದ್ದೂ ಉಂಟು. ನಿಂತವನಿಗೆ ಹಿತವಾಗಿರುವ ಆ ಚಳಿಯೇ ಸ್ಕೂಟರಿನ ಮೇಲೆ ಒಂದು ಗಂಟೆ ಕುಳಿತವಳ ಪಾದವನ್ನು ಮರಗಟ್ಟಿಸುತ್ತದೆ, ಹಿಮ್ಮಡಿಯನ್ನು ಒಡೆಯಿಸುತ್ತದೆ. ಬಿಸಿಲೇರಿದ ಮೇಲೆ ವಾರಿನ ಗುರುತು ಉಳಿಸಿ ಸುತ್ತಲೂ ಕಪ್ಪಿಡುವ ಸೂರ್ಯ; ಅಗೆದ ರಸ್ತೆಗಳಿಂದಲೂ ಪೀಣ್ಯದ ಲಾರಿಗಳ ಚಕ್ರಗಳಿಂದಲೂ ಏಳುವ ಧೂಳು; ನಿಲ್ಲಲು ಮಾತ್ರ ಜಾಗವಿರುವ ಬಸ್ಸಿನಲ್ಲಿ ಮತ್ತೊಬ್ಬರ ಬೂಟಿನ ತುಳಿತ. ಸೀರೆಗೊ ಚೂಡಿದಾರಕ್ಕೊ ಬೂಟು ಹೊಂದದು, ಹೊಂದಿದರೂ ದಿನವಿಡೀ ಹೊಲಿಗೆಯ ಯಂತ್ರದ ಪೆಡಲನ್ನೊತ್ತುವವಳಿಗೆ ಅದು ಅನುಕೂಲವಲ್ಲ. ಅವಳು ಚಪ್ಪಲಿಯನ್ನು ಉಳಿಸಿಕೊಂಡು ಕಾಲುಚೀಲವನ್ನು ಕೂಡಿಸಿಕೊಂಡಳು. ಇದಕ್ಕಿಂತ ವಿವೇಕಯುತವಾದ ನಿರ್ಣಯವನ್ನು ನಾನು ಊಹಿಸಲಾರೆ.

ಶರೀರಶಾಸ್ತ್ರವೂ ಅವಳ ಪಕ್ಷದಲ್ಲಿದೆ. ನಮ್ಮ ಎರಡು ಪಾದಗಳಲ್ಲಿ ಒಟ್ಟು ಎರಡೂವರೆ ಲಕ್ಷದಷ್ಟು ಬೆವರಿನ ಗ್ರಂಥಿಗಳಿವೆ. ಬೆವರಿಗೆ ತನ್ನದೆಂಬ ದುರ್ವಾಸನೆಯಿಲ್ಲ. ಮುಚ್ಚಿದ ಬೂಟಿನ ಕತ್ತಲೆಯಲ್ಲಿ ಅದು ಆರದೆ ನಿಂತಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳು ಅಲ್ಲಿನ ದ್ರವ್ಯಗಳನ್ನೊಡೆದು ನಾತದ ಆಮ್ಲಗಳನ್ನು ಹುಟ್ಟಿಸುತ್ತವೆ. ಹತ್ತಿಯ ಕಾಲುಚೀಲವು ಬೆವರನ್ನು ಹೀರಿಕೊಂಡು, ಚಪ್ಪಲಿಯ ತೆರೆದ ಬದಿಗಳ ಮೂಲಕ ಅದನ್ನು ಗಾಳಿಗೆ ಒಪ್ಪಿಸುತ್ತದೆ. ವಾರು ಚರ್ಮವನ್ನುಜ್ಜಿ ಬೊಬ್ಬೆಯೇಳಿಸದಂತೆ ನಡುವೆ ನಿಂತು ಆ ಘರ್ಷಣೆಯನ್ನು ತಾನೇ ತೆಗೆದುಕೊಳ್ಳುತ್ತದೆ. ಮುಚ್ಚುವ ಧರ್ಮ, ತೆರೆಯುವ ಧರ್ಮ ಎಂದು ವಿರೋಧವನ್ನೆಣಿಸಿದ್ದವರಿಗೆ ಇಲ್ಲಿ ಅವೆರಡೂ ಪರಸ್ಪರ ಪೂರಕವಾಗಿ ನಡೆಯುವುದು ಕಾಣಬೇಕು. ಆದರೆ ಮಳೆಗಾಲಕ್ಕೆ ಈ ಮಾತು ಸಲ್ಲದು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯೂ ಬೆಳ್ಳಂದೂರಿನ ಸುತ್ತಣ ಬಡಾವಣೆಗಳೂ ಜಲಾವೃತವಾಗಿ ಕಂಪನಿಗಳ ನೌಕರರು ಟ್ರ್ಯಾಕ್ಟರುಗಳಲ್ಲಿ ಕೆಲಸಕ್ಕೆ ಹೋದ ದಿನಗಳಂಥ ಸಮಯದಲ್ಲಿ, ಒದ್ದೆಯಾದ ಕಾಲುಚೀಲವನ್ನು ಸಂಜೆಯವರೆಗೆ ತೊಟ್ಟಿರುವುದು ಬೆರಳ ಸಂದಿಯ ಹುಣ್ಣಿಗೂ ಶಿಲೀಂಧ್ರದ ಸೋಂಕಿಗೂ ತಾನಾಗಿ ಬಾಗಿಲು ತೆರೆದಂತೆ. ಆಗ ಬರಿಯ ಚಪ್ಪಲಿಯೇ ಮೇಲು, ಕೈಚೀಲದಲ್ಲೊಂದು ಒಣ ಜೊತೆ ಕಾಲುಚೀಲ ಇದ್ದರೆ ಇನ್ನೂ ಮೇಲು.

ಮಧುಮೇಹಿಗಳ ವಿಷಯದಲ್ಲಿ ನಾನು ಇನ್ನಷ್ಟು ಗಟ್ಟಿಯಾಗಿ ಮಾತಾಡಬೇಕಾಗಿದೆ. ಆ ವ್ಯಾಧಿ ಬಹುಕಾಲ ಉಳಿದಾಗ ಪಾದದ ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುತ್ತವೆ. ಮುಳ್ಳು ನೆಟ್ಟರೂ ತಿಳಿಯದು, ವಾರು ಕೊರೆದರೂ ತಿಳಿಯದು, ತಿಳಿಯುವ ಹೊತ್ತಿಗೆ ಹುಣ್ಣು ಮೂಳೆಯವರೆಗೆ ಇಳಿದಿರುವುದುಂಟು. ಅಂಥವರಿಗೆ ವೈದ್ಯರು ಹೇಳುವುದು ಬೆರಳ ಸಂದಿಯಲ್ಲಿ ವಾರಿಲ್ಲದ, ಹಿಂದೆ ಪಟ್ಟಿಯುಳ್ಳ, ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರಿನ ಅಟ್ಟೆಯ ಸ್ಯಾಂಡಲನ್ನು. ಅದರೊಡನೆ ಬಿಗಿಯಾದ ಇಲಾಸ್ಟಿಕ್ ಇಲ್ಲದ, ರಕ್ತದ ಕಲೆ ಒಡನೆಯೆ ಕಾಣುವಂತೆ ತಿಳಿಬಣ್ಣದ ಹತ್ತಿಯ ಕಾಲುಚೀಲವನ್ನು. ಹಲವು ವರ್ಷ ಕುರ್ಚಿಯಲ್ಲಿ ಕುಳಿತು ದುಡಿದ ನಡುವಯಸ್ಸಿನವರು ತುಂಬಿರುವ ನಮ್ಮ ತಂತ್ರಜ್ಞಾನದ ಕಚೇರಿಗಳಲ್ಲಿ ಈ ಪಾದಗಳು ವಿರಳವಲ್ಲ. ಯಾರು ಆ ಜೋಡಿಯನ್ನು ನೋಡಿ ಮುಗುಳ್ನಗುವರೋ ಅವರು ರೋಗಿಯೊಬ್ಬನ ಔಷಧವನ್ನು ನೋಡಿ ನಗುತ್ತಿದ್ದಾರೆಂಬುದನ್ನು ತಿಳಿಯಬೇಕು.

ಎಲೆಕ್ಟ್ರಾನಿಕ್ ಸಿಟಿಯ ವೃತ್ತಾಂತ ಇನ್ನೂ ಕುತೂಹಲಕರವಾದದ್ದು. ಆರ್. ಕೆ. ಬಾಳಿಗಾ ಅವರ ದೂರದೃಷ್ಟಿಯ ಫಲವಾಗಿ ರಾಜ್ಯ ಸರಕಾರದ ಕಿಯೋನಿಕ್ಸ್ ಸಂಸ್ಥೆಯು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ 1970ರ ದಶಕದ ಕೊನೆಗೆ ಕಟ್ಟತೊಡಗಿದ ಆ ನಗರ ಹೆಸರಿಗೆ ತಕ್ಕಂತೆ ವಿದ್ಯುನ್ಮಾನ ಉಪಕರಣಗಳ ತಯಾರಿಕೆಗಾಗಿಯೇ ಹುಟ್ಟಿದ್ದು. ಸಾಫ್ಟ್‌ವೇರ್ ಬಂದದ್ದು ಅನಂತರ. ಇಂಥ ಉಪಕರಣಗಳನ್ನು ಜೋಡಿಸುವ ಕೊಠಡಿಯಲ್ಲಿ ಮನುಷ್ಯನ ನಡಿಗೆಯೇ ಒಂದು ಅಪಾಯ. ಅಟ್ಟೆಯು ನೆಲವನ್ನು ಸೋಕಿ ಬಿಡುವಾಗ ಮೈಯಲ್ಲಿ ಸ್ಥಿರವಿದ್ಯುತ್ತು ಕೂಡುತ್ತದೆ. ಸುಮಾರು 3,000 ವೋಲ್ಟಿಗಿಂತ ಕಡಿಮೆಯಾದುದು ನಮ್ಮ ಬೆರಳಿಗೆ ತಿಳಿಯುವುದೇ ಇಲ್ಲ, ಆದರೆ 100 ವೋಲ್ಟಿನ ಸೋಂಕಿಗೇ ಕೆಡಬಲ್ಲ ಸೂಕ್ಷ್ಮ ಚಿಪ್‌ಗಳು ಆ ಮೇಜಿನ ಮೇಲಿರುತ್ತವೆ. ಅದಕ್ಕಾಗಿಯೇ ವಿದ್ಯುತ್ತನ್ನು ಮೆಲ್ಲನೆ ನೆಲಕ್ಕಿಳಿಸುವ ಇ.ಎಸ್.ಡಿ. ಚಪ್ಪಲಿಗಳನ್ನು ಕಾರ್ಮಿಕರಿಗೆ ಕೊಡುವ ಪದ್ಧತಿ. ಹೊರಗಿನವರು ಬೂಟನ್ನು ಹಾಕಿಕೊಂಡೇ ಬರಬೇಕಾದರೆ ಹಿಮ್ಮಡಿಗೆ ಒಂದು ಪಟ್ಟಿಯನ್ನು ಬಿಗಿದು, ಅದರ ವಾಹಕ ಲಾಡಿಯನ್ನು ಕಾಲುಚೀಲದೊಳಗೆ ತೂರಿಸಿ ಚರ್ಮಕ್ಕೆ ತಾಗುವಂತೆ ಮಾಡುತ್ತಾರೆ. ಅಂತರರಾಷ್ಟ್ರೀಯ ಮಾನಕವು ವ್ಯಕ್ತಿ, ಪಾದರಕ್ಷೆ, ನೆಲ ಇವುಗಳ ಒಟ್ಟು ರೋಧವು ನೂರು ಕೋಟಿ ಓಮ್‌ಗಿಂತ ಕಡಿಮೆಯಿರಬೇಕೆಂದು ವಿಧಿಸಿದೆ. ಪ್ರವೇಶದ್ವಾರದಲ್ಲಿ ಲೋಹದ ಹಲಗೆಯ ಮೇಲೆ ನಿಂತು ಗುಂಡಿಯೊತ್ತಿ, ಹಸಿರು ದೀಪ ಹತ್ತಿದ ಮೇಲೆ ಒಳಗೆ ಹೋಗಬೇಕು. ಕಾಲುಚೀಲವು ಇಲ್ಲಿ ನಿರ್ಣಾಯಕ. ಬೆವರಿನ ತೇವವಿರುವ ತೆಳು ಹತ್ತಿಯ ಚೀಲದ ಮೂಲಕ ವಿದ್ಯುತ್ತು ಸುಗಮವಾಗಿ ಇಳಿಯುತ್ತದೆ. ಒಣಗಿದ ದಪ್ಪ ನೈಲಾನಿನ ಚೀಲ ಅಡ್ಡ ಬಂದರೆ ಚಳಿಗಾಲದ ಬೆಳಗಿನಲ್ಲಿ ಕೆಂಪು ದೀಪ ಹತ್ತುವುದುಂಟು. ಲೋಕವು ಅಭಿರುಚಿಯ ಪ್ರಶ್ನೆಯೆಂದು ತಿಳಿದದ್ದನ್ನು ಈ ಕೊಠಡಿಯಲ್ಲಿ ಓಮ್ ಎಂಬ ಮಾನದಿಂದ ಅಳೆದು ತೀರ್ಮಾನಿಸುತ್ತಾರೆ. ಇಂಥ ಸ್ಪಷ್ಟತೆ ಎಲ್ಲ ಕಡೆಯೂ ಇದ್ದಿದ್ದರೆ ಎಷ್ಟೊಂದು ಕಲಹ ತಪ್ಪುತ್ತಿತ್ತು!

ಪೀಣ್ಯದಲ್ಲಿ ನನ್ನ ತೀರ್ಪು ತಿರುಗುತ್ತದೆ. ಅಲ್ಲಿನ ಲೇತುಗಳ ಮುಂದೆ, ಪ್ರೆಸ್ಸುಗಳ ಮುಂದೆ, ಎಲೆಕ್ಟ್ರೊಪ್ಲೇಟಿಂಗಿನ ಆಮ್ಲದ ತೊಟ್ಟಿಗಳ ಪಕ್ಕದಲ್ಲಿ, ಶಾಖೋಪಚಾರದ ಕುಲುಮೆಗಳ ಬಳಿಯಲ್ಲಿ ಚಪ್ಪಲಿಯು ಕಾಲುಚೀಲದೊಡನೆಯಾಗಲಿ ಕಾಲುಚೀಲವಿಲ್ಲದೆಯಾಗಲಿ ಇರಕೂಡದು. ಕತ್ತರಿಸಿದ ಲೋಹದ ಸುರುಳಿ ಚೂರುಗಳು ಕೆಂಡದಂತೆ ಕಾದು ಬೀಳುತ್ತವೆ. ನೈಲಾನಿನ ಕಾಲುಚೀಲವು ಆ ಕಾವಿಗೆ ಕರಗಿ ಚರ್ಮಕ್ಕಂಟಿ, ಬರಿಯ ಪಾದಕ್ಕಾಗುತ್ತಿದ್ದ ಸುಟ್ಟಗಾಯವನ್ನು ಇಮ್ಮಡಿಗೊಳಿಸುತ್ತದೆ. ಚೆಲ್ಲಿದ ಆಮ್ಲವನ್ನು ಹತ್ತಿಯ ಚೀಲ ಹೀರಿಕೊಂಡು ಮೈಗೊತ್ತಿ ಹಿಡಿಯುತ್ತದೆ. ಕೂಲೆಂಟು ಹರಿದ ನೆಲದಲ್ಲಿ ಅಟ್ಟೆ ಜಾರುತ್ತದೆ. ಇಲ್ಲಿಗೆ ಬೇಕಾದದ್ದು ಭಾರತೀಯ ಮಾನಕ ಐಎಸ್ 15298ಕ್ಕೆ ಒಪ್ಪುವ ಸುರಕ್ಷಾ ಬೂಟು. ಅದರ ಬೆರಳಿನ ಟೊಪ್ಪಿಗೆ 200 ಜೂಲಿನ ಆಘಾತವನ್ನು, ಎಂದರೆ ಇಪ್ಪತ್ತು ಕಿಲೋ ತೂಕದ ಕಬ್ಬಿಣವು ಒಂದು ಮೀಟರು ಎತ್ತರದಿಂದ ಬಿದ್ದಾಗಿನ ಹೊಡೆತವನ್ನು, ತಡೆಯುವಂತೆ ಪರೀಕ್ಷಿಸಲ್ಪಟ್ಟಿರುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇದು ನಡೆಯುತ್ತಿದೆ. ನಾಲ್ಕಾರು ಯಂತ್ರಗಳ ಚಿಕ್ಕ ಷೆಡ್ಡುಗಳಲ್ಲಿ, ಅದರಲ್ಲಿಯೂ ಗುತ್ತಿಗೆಯ ಮೇಲೆ ಬಂದ ಆಳುಗಳ ಪಾದಗಳಲ್ಲಿ ರಬ್ಬರಿನ ಚಪ್ಪಲಿಯನ್ನು ಕಂಡಾಗಲೆಲ್ಲ ನನಗಾಗುವ ವ್ಯಥೆಯನ್ನು ಮುಚ್ಚಿಡಲಾರೆ. ಈ ಆಳುಗಳಲ್ಲಿ ಅಭಿರುಚಿಯ ದೋಷವನ್ನು ಯಾರೂ ಹುಡುಕುವುದಿಲ್ಲ. ಅವರ ಪಾದಗಳನ್ನು ಯಾರೂ ನೋಡುವುದೇ ಇಲ್ಲ.

ಕಚೇರಿಗಳಲ್ಲಿ ಮಾತ್ರ ನೋಡುತ್ತಾರೆ. ಬೂಟಿಗೆ ಗೌರವ, ಚಪ್ಪಲಿಗೆ ಅಗೌರವ ಎಂಬ ಈ ಭಾವನೆ ನಮ್ಮ ಪರಂಪರೆಯಿಂದ ಬಂದುದಲ್ಲ. ನಮ್ಮಲ್ಲಿ ಎಂಥ ಪಾದರಕ್ಷೆಯನ್ನಾದರೂ ಹೊಸ್ತಿಲಾಚೆ ಬಿಡುವುದೇ ವಾಡಿಕೆ, ಅರಸನದಾದರೂ ಆಳಿನದಾದರೂ. ಅದನ್ನು ಅಂತಸ್ತಿನ ಅಳತೆಗೋಲಾಗಿ ಮಾರ್ಪಡಿಸಿದವರು ಆಂಗ್ಲರು. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲಕ್ಕೆ ಸರಕಾರಿ ಕಚೇರಿಗಳನ್ನು ಹೊಗುವ ಭಾರತೀಯರು ಪಾದರಕ್ಷೆಯನ್ನು ಕಳಚಬೇಕೆಂಬ ನಿಯಮ ಬಿಗಿಯಾಯಿತು, ಐರೋಪ್ಯ ಉಡುಪು ತೊಟ್ಟವರಿಗೆ ಮಾತ್ರ ವಿನಾಯಿತಿ. 1862ರಲ್ಲಿ ಸೂರತ್ತಿನ ನ್ಯಾಯಾಲಯದಲ್ಲಿ ಮಾಣಕ್‌ಜಿ ಕಾವಸ್‌ಜಿ ಎಂಟೀ ಎಂಬವರು ಜೋಡು ಕಳಚಲು ನಿರಾಕರಿಸಿ, ಒಳಗೆ ಪ್ರವೇಶ ಸಿಗದೆ ಹೋದಾಗ ಮುಂಬಯಿಯ ಗವರ್ನರಿಗೆ ಪ್ರತಿಭಟನೆಯ ಪತ್ರ ಬರೆದರು. ಆ ನಿಯಮ ಅಳಿದರೂ ಅದರ ಸಂಸ್ಕಾರ ಅಳಿದಿಲ್ಲವೆಂಬುದಕ್ಕೆ 2024ರ ಜುಲೈನಲ್ಲಿ ಮಾಗಡಿ ರಸ್ತೆಯ ಮಾಲೊಂದು ಪಂಚೆಯುಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದದ್ದು, ಸರಕಾರವು ಒಂದು ವಾರ ಆ ಮಾಲನ್ನು ಮುಚ್ಚಿಸುವುದಾಗಿ ಸಾರಿದ್ದು ಸಾಕ್ಷಿ. ಸಂತೋಷದ ಸಂಗತಿಯೂ ಉಂಟು: ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್ ಸಂಸ್ಥೆಯು ಔಪಚಾರಿಕ ಉಡುಪಿನ ಕಟ್ಟುಪಾಡನ್ನು 2015ರ ಜೂನಿನಲ್ಲಿ ಸಡಿಲಿಸಿತು, ಕೆಲಸವೇನೂ ಕೆಡಲಿಲ್ಲ.

ನಿಯಮವು ವಿವೇಕದಿಂದ ಕೂಡಿರಬಹುದೆಂಬುದಕ್ಕೆ ಶ್ರವಣಬೆಳಗೊಳವನ್ನು ನೋಡಬೇಕು. ವಿಂಧ್ಯಗಿರಿಯ ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಏರಬೇಕು. ಆದರೆ ಮಧ್ಯಾಹ್ನದ ಬಂಡೆ ಅಂಗಾಲನ್ನು ಸುಡುವುದರಿಂದ ಕಾಲುಚೀಲಕ್ಕೆ ಅಡ್ಡಿಯಿಲ್ಲ, ಬೆಟ್ಟದ ಬುಡದಲ್ಲಿಯೇ ಅದನ್ನು ಮಾರುತ್ತಾರೆ. ಕ್ಷೇತ್ರದ ಪಾವಿತ್ರ್ಯವೂ ಉಳಿಯಿತು, ಯಾತ್ರಿಕನ ಪಾದವೂ ಉಳಿಯಿತು. ನಮ್ಮ ಶಿಕ್ಷಣ ಇಲಾಖೆಯೂ ಸರಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆಯಲ್ಲಿ ತರಗತಿಗೆ ತಕ್ಕಂತೆ 265, 295, 325 ರೂಪಾಯಿಗಳ ದರವನ್ನು ನಿಗದಿಮಾಡಿ, ಸ್ಥಳೀಯ ಹವೆಗೆ ಹೊಂದದಿದ್ದಲ್ಲಿ ಶೂವಿಗೆ ಬದಲಾಗಿ ಸ್ಯಾಂಡಲನ್ನು ಆರಿಸುವ ಸ್ವಾತಂತ್ರ್ಯವನ್ನು ಶಾಲಾಭಿವೃದ್ಧಿ ಸಮಿತಿಗಳಿಗೆ ಬಿಟ್ಟಿತು. ಮಲೆನಾಡಿನ ಮಳೆಯಲ್ಲಿ ನೆನೆದ ಶೂ ಎಷ್ಟು ದಿನಕ್ಕೂ ಒಣಗದೆಂಬುದನ್ನು ಬಲ್ಲವರು ಮಾಡಿದ ನಿಯಮವಿದು.

ಆದುದರಿಂದ ಹೊರವಲಯದ ಕಚೇರಿಗಳ ಸಿಬ್ಬಂದಿ ವಿಭಾಗದ ಅಧಿಕಾರಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಚಪ್ಪಲಿಗೆ ಪ್ರವೇಶವಿಲ್ಲವೆಂದು ಫಲಕ ಬರೆಯಿಸುವ ಮುನ್ನ, ಆ ನಿಷೇಧದಿಂದ ಯಾರ ಪಾದ ಉಳಿಯುತ್ತದೆ, ಯಾವ ಉಪಕರಣ ಉಳಿಯುತ್ತದೆ ಎಂಬುದನ್ನು ಅದೇ ಫಲಕದಲ್ಲಿ ಒಂದು ಸಾಲಿನಲ್ಲಿ ಬರೆಯಿಸಿರಿ, ಬರೆಯಲು ಕಾರಣ ದೊರೆಯದಿದ್ದರೆ ಫಲಕವನ್ನು ತೆಗೆಯಿಸಿರಿ. ಪೀಣ್ಯದ ಷೆಡ್ಡುಗಳ ಮಾಲೀಕರಲ್ಲಿ ಇನ್ನೊಂದು ವಿಜ್ಞಾಪನೆ: ಯಂತ್ರದ ಮುಂದೆ ನಿಲ್ಲುವ ಪ್ರತಿಯೊಬ್ಬನಿಗೂ, ಅವನು ನಿಮ್ಮ ಹಾಜರಿ ಪುಸ್ತಕದಲ್ಲಿರಲಿ ಗುತ್ತಿಗೆದಾರನ ಪುಸ್ತಕದಲ್ಲಿರಲಿ, ಒಂದು ಜೊತೆ ಸುರಕ್ಷಾ ಬೂಟನ್ನೂ ಎರಡು ಜೊತೆ ಹತ್ತಿಯ ಕಾಲುಚೀಲವನ್ನೂ ಅವನ ಕೂಲಿಯಲ್ಲಿ ಹಿಡಿಯದೆ ಕೊಡಿರಿ.